ಬಲಗಡೆಯ ಬಡಿತ

12 ಜೂನ್ 1998, ಸಂಜೆ

ಮತ್ತೆ ಎಲುಬುಗಳ ಹೆಸರು. ಬಾಯಿಪಾಠ ಮುಗಿಯುವುದೇ ಇಲ್ಲ. ನರ್ಸಿಂಗ್ ಮೊದಲ ವರ್ಷದ ಅನಾಟಮಿಯಲ್ಲಿ ಒಮ್ಮೆ ಫೇಲಾಗಿದ್ದೇನೆ. ಈ ಸಲವೂ ಹೋದರೆ ಓದು ಬಿಡಿಸುತ್ತೇನೆ ಎಂದಿದ್ದಾರೆ ಅಪ್ಪ.

ಜೊತೆಗೆ ಓದಲು ಶಿವಾಜಿನಗರದಿಂದ ಕ್ಲಾಸಿನ ಗೆಳತಿ ವಾಜಿದಾ ಬಂದಿದ್ದಳು. ಅಭ್ಯಾಸಕ್ಕೆಂದು ಅವಳ ಎದೆಯ ಎಡಕ್ಕೆ ಸ್ಟೆತ್ ಇಟ್ಟೆ. ಸರಿಯಾಗಿ ಕೇಳಿಸಲಿಲ್ಲ. ನನ್ನದೇ ತಪ್ಪೆಂದು ಅತ್ತಿತ್ತ ಸರಿಸಿದೆ... ಬಲಗಡೆ ಸ್ಪಷ್ಟವಾಗಿ ಬಡಿಯುತ್ತಿತ್ತು!

ವಾಜಿದಾ ನನ್ನ ಕೈ ಹಿಡಿದಳು.

"ಹುಟ್ಟಿದಾಗಿಂದ ನನ್ನ ಹೃದಯ ಬಲಗಡೇನೇ ಕಣೇ. ಏನೂ ತೊಂದ್ರೆ ಇಲ್ಲ ಅಂದಿದ್ರು ಡಾಕ್ಟ್ರು. ಆದ್ರೆ ಗಂಡಿನ ಕಡೆಯವ್ರಿಗೆ ಅಮ್ಮಿ ಹೇಳಿಲ್ಲ. ನಿಕಾಹ್ ಮುಗಿಯೋವರ್ಗೂ ಯಾರಿಗೂ ಹೇಳ್ಬೇಡ, ನಂದಿತಾ."

ಮಾತು ಕೊಟ್ಟೆ.

19 ಜೂನ್

ಸೋಮವಾರ ಪ್ರಾಕ್ಟಿಕಲ್. ಜೋಡಿಯಾಗಿ ನಿಂತು, ಒಬ್ಬರ ಮೈಮೇಲೆ ಇನ್ನೊಬ್ಬರು ಅಂಗಗಳ ಜಾಗ ತೋರಿಸಬೇಕು. ನನ್ನ ಜೋಡಿ — ವಾಜಿದಾ. ಅವಳಿಗೆ ನಿಕಾಹ್ ಗೊತ್ತಾಗಿರುವ ಹುಡುಗನ ತಂಗಿ ನಮ್ಮ ಕ್ಲಾಸಿನವಳೇ. ಅವಳೂ ಅದೇ ಬ್ಯಾಚು. ಬಲಗಡೆ ತೋರಿಸಿದರೆ ಗುಟ್ಟು ರಟ್ಟು, ಎಡಗಡೆ ತೋರಿಸಿದರೆ ನನ್ನ ಓದು ಮುಗಿಯಿತು.

22 ಜೂನ್

ಪ್ರಾಕ್ಟಿಕಲ್ ಮುಗಿಯಿತು.

ಎಕ್ಸಾಮಿನರ್ ವಿಮಲಾಕ್ಷಿ ಮೇಡಂ ಕೇಳಿದರು, "ಎದೆಬಡಿತ ಎಲ್ಲಿ? ಮುಟ್ಟಿ ತೋರ್ಸು."

ಹುಡುಗನ ತಂಗಿ ಪಕ್ಕದಲ್ಲೇ ಇದ್ದಳು. ಎಡಗಡೆ ಕೈ ಇಟ್ಟೆ.

"ಸಿಗ್ತಾ?"

"ಸಿಗ್ತಿದೆ ಮೇಡಂ."

ಅವರು ತಾವೇ ಬೆರಳಿಟ್ಟು ನೋಡಿದರು. "ಇಲ್ಲೇನೂ ಇಲ್ವಲ್ಲ! ನಾಳೆ ಪೇಷೆಂಟ್ ಮುಂದೆನೂ ಹಿಂಗೇ ಸುಳ್ಳು ಹೇಳ್ತೀಯಾ?"

ಕಣ್ಣು ತುಂಬಿತು. ವಾಜಿದಾ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಮೇಡಂ ಕೈ ಹಿಡಿದು ಬಲಗಡೆ ಇಟ್ಟುಕೊಂಡಳು.

"ಇಲ್ಲಿದೆ ಮೇಡಂ. ಅವಳಿಗೆ ಗೊತ್ತು. ಹೇಳ್ಬೇಡ ಅಂದಿದ್ದು ನಾನೇ."

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹುಡುಗನ ತಂಗಿಯೂ.

4 ಜುಲೈ

ಬರೆಯಲು ಮನಸ್ಸೇ ಬಂದಿರಲಿಲ್ಲ. ಸುಳ್ಳು ಹೇಳಿದ್ದಕ್ಕೆ ನಾನು ಫೇಲು. ವಾಜಿದಾ ಮರ್ಫಿ ಟೌನಿನ ನಮ್ಮ ಮನೆಯವರೆಗೆ ಬಂದು ಅಪ್ಪನ ಮುಂದೆ ನಿಂತು, "ಅವಳು ಫೇಲಾಗಿದ್ದು ನನ್ನಿಂದ ಅಂಕಲ್" ಎಂದಳು. ಸೆಪ್ಟೆಂಬರಿಗೆ ಇನ್ನೊಮ್ಮೆ ಕೂರಲು ಅಪ್ಪ ಒಪ್ಪಿದರು.

ಗಂಡಿನ ಕಡೆಯವರು ಅವಳ ಮನೆಗೆ ಬಂದು ಎಕ್ಸ್-ರೇ ಕೇಳಿದರಂತೆ. ಕೊಟ್ಟಳಂತೆ. "ನಿಮ್ಮ ಹುಡುಗಂದೂ ತನ್ನಿ, ನೋಡೋಣ" ಎಂದಳಂತೆ. ಎದ್ದು ಹೋದರು. ನಿಕಾಹ್ ಮುರಿಯಿತು.

9 ಜುಲೈ

ಓದಿಸಲು ಬಂದಿದ್ದಾಳೆ. ಅವಳನ್ನು ನೋಡಿ ನಾನು ಅತ್ತೆ. "ಸಾಕು ಬಿಡೇ, ಮನೇಲಿ ಅಮ್ಮಿ ಒಬ್ಬಳು ಅಳ್ತಿರೋದೇ ಸಾಕು" ಎಂದು ನಕ್ಕಳು. ಕಿಡ್ನಿಯ ಪಾಠ ತೆರೆದು ಪ್ರಶ್ನೆ ಕೇಳಿದಳು. ಒಂದಕ್ಕೆ ಉತ್ತರ ಹೇಳುತ್ತಿದ್ದಂತೆ, ಮುಖ ತೊಳೆದು ಬರ್ತೀನಿ ಎಂದು ಬಚ್ಚಲಿಗೆ ಹೋದಳು. ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ.

ಬಹಳ ಹೊತ್ತಾಯಿತು. ನಲ್ಲಿಯ ನೀರು ಸುರಿಯುತ್ತಲೇ ಇದೆ, ಅದರ ನಡುವೆ ಬಿಕ್ಕುವ ಸದ್ದು. ಹೋಗಿ ಬಾಗಿಲು ತಟ್ಟುತ್ತೇನೆ.