ಕೊನೆಯ ಮೂರು ಪುಟ

ಮಾರ್ಚ್ ೧೪, ಶುಕ್ರವಾರ

ಎದ್ದು ನಿಂತು ತಲೆಬಾಗಿದೆನಲ್ಲ, ಅದೇ ಕೊರೆಯುತ್ತಿದೆ.

ನನ್ನ ಹೊಸ ಕೃತಿಯನ್ನು ಇವತ್ತು ಕಛೇರಿಯಲ್ಲಿ ಮೊದಲ ಸಲ ನಾನೇ ಪಿಯಾನೋದಲ್ಲಿ ನುಡಿಸಿದೆ. ಕೊನೆಯ ಭಾಗಕ್ಕೆ ಮುಂಚೆ ಹನ್ನೆರಡು ಎಣಿಕೆಯ ಮೌನ ಬರೆದಿದ್ದೆ. ಏಳು ಎಣಿಸುವಷ್ಟರಲ್ಲಿ ಜನ ಮುಗಿಯಿತೆಂದುಕೊಂಡು ಚಪ್ಪಾಳೆ ಹೊಡೆದರು. ಇದ್ದವರೇ ಮೂವತ್ತು ಮಂದಿ. ಕೈಯೆತ್ತಿ ತಡೆಯಬಹುದಿತ್ತು. ಧೈರ್ಯ ಬರಲಿಲ್ಲ, ಎದ್ದುಬಿಟ್ಟೆ. ಎಂಟು ತಿಂಗಳು ಜೀವ ತೇಯ್ದು ಬರೆದ ಕೊನೆಯ ಮೂರು ಪುಟ ನುಡಿಸದೆ ಅಲ್ಲೇ ಉಳಿದವು.

ಅಕ್ಕ ನನ್ನ ಸಂಗೀತವನ್ನು ಯಾವತ್ತೂ ಹೊಗಳಿದವಳಲ್ಲ. ಬಾಗಿಲ ಹತ್ತಿರ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, "ಈ ಸಲ ಎಳೀಲಿಲ್ಲ ಕಣೋ, ಸರಿಯಾದ ಕಡೆ ನಿಲ್ಲಿಸ್ದೆ" ಅಂದಳು. ಹೂಂ ಅಂದೆ. ಸಂಗೀತದಲ್ಲಿ ಅವಳ ಕಿವಿ ಕೆಟ್ಟದ್ದಲ್ಲ, ಅದೇ ಕಷ್ಟ.

ನಿಜ ಗೊತ್ತಿರುವುದು ಪುಟ ತಿರುವಲು ಪಕ್ಕದಲ್ಲಿ ಕೂತಿದ್ದ ಶಿಷ್ಯೆಗೆ ಮಾತ್ರ. ಚಪ್ಪಾಳೆ ನಿಲ್ಲುವವರೆಗೂ ಅವಳ ಬೆರಳು ಪುಟದ ತುದಿಯಲ್ಲೇ ಇತ್ತು. ಆಮೇಲೆ ಮೆಲ್ಲಗೆ, "ಸರ್, ಇನ್ನೂ ಐದು ಎಣಿಕೆ ಇತ್ತು" ಅಂದಳು.

ಮೌನವನ್ನೂ ಬಿಡದೆ ಎಣಿಸು ಅಂತ ಆರು ವರ್ಷದಿಂದ ಅವಳ ತಲೆ ತಿಂದವನು ನಾನೇ. ನಾಳೆ ಹತ್ತು ಗಂಟೆಗೆ ಅವಳ ಪಾಠ ಇದೆ. ಯಾವ ಮುಖ ಇಟ್ಟುಕೊಂಡು ಎಣಿಸು ಅಂತ…