ಹಿತ್ತಲ ಹಗ್ಗದ ಬಟ್ಟೆ

ಅಕ್ಟೋಬರ್ 6, ಗುರುವಾರ. ಸಂಜೆ 5

ಮತ್ತೆ ಅತ್ತೆಯ ಅದೇ ಕೂಗು. "ಅಸೀಲಾ, ಹೊಗೆ ಹಾಕ್ತಾ ಇದೀನಿ, ನಿನ್ನ ಬಟ್ಟೆ ಒಳಗೆ ತಗೋ!" ಆರು ವರ್ಷದಿಂದ ಪ್ರತಿ ಗುರುವಾರ. ಓಡಿದೆ. ಹಿತ್ತಲ ಹಗ್ಗದಿಂದ ಎರಡು ಉಡುಪು, ಸ್ಕೂಲ್ ಲ್ಯಾಬಿನ ಬಿಳಿ ಕೋಟು, ದಿಂಬಿನ ಚೀಲ ಬಾಚಿಕೊಂಡು ಬಂದು ಕೋಣೆಯ ಬಾಗಿಲು ಹಾಕಿಕೊಂಡೆ.

ಕಿಟಕಿಯ ಗಾಜಿನಿಂದ ನೋಡುವುದು ಮಾತ್ರ ಬಿಡುವುದಿಲ್ಲ. ಅಂಗಳದಲ್ಲಿ ಖರ್ಜೂರದ ಕಡ್ಡಿಯ ಗೂಡು. ಒಳಗೆ ಕೆಂಡದ ಮಣ್ಣಿನ ಬಟ್ಟಲು, ಕೆಂಡದ ಮೇಲೆ ಲೋಬಾನ. ಗೂಡಿನ ಮೇಲೆ ನಾಳೆಯ ಜುಮ್ಮಾ ನಮಾಜಿಗೆ ಮಾವನ ಬಿಳಿ ನಿಲುವಂಗಿ. ಅತ್ತೆ ಅದನ್ನು ತಿರುಗಿಸುತ್ತಾರೆ, ತೋಳು ಬಿಡಿಸುತ್ತಾರೆ, ಮತ್ತೆ ತಿರುಗಿಸುತ್ತಾರೆ. ಕಡೆಗೆ ಕೊರಳಿನ ಕುಚ್ಚನ್ನು ಅತ್ತರಿನಲ್ಲಿ ಅದ್ದುತ್ತಾರೆ. ಅತ್ತರು ಅವರದೇ ಬೆರಕೆ. ಅಳತೆ ಎಲ್ಲೂ ಬರೆದಿಟ್ಟಿಲ್ಲ, ಎಲ್ಲ ಮೂಗಿನ ಲೆಕ್ಕ. ಮಾವ ಹೋದ ಓಣಿಯಲ್ಲಿ ಜನ ತಲೆ ಎತ್ತದೆಯೇ "ಖಲ್ಫಾನ್ ಈಗ ಹೋದ್ರು" ಅನ್ನುತ್ತಾರಂತೆ.

ನನಗೆ ಯಾವ ಸುಗಂಧವೂ ಆಗದು. ಊದ್ ಆಗದು, ಪನ್ನೀರು ಆಗದು, ಬಟ್ಟೆ ಒಗೆಯುವ ಪೌಡರಿನ ಮಲ್ಲಿಗೆಯಂತೂ ಆಗಲೇ ಆಗದು. ಮದುವೆಯಾಗಿ ಬಂದ ಮೂರನೇ ದಿನ, ಹೊಗೆ ಹಾಕಿದ ರೇಷ್ಮೆ ಉಟ್ಟು, ನೆಂಟರ ಮುಂದೆಯೇ ವಾಂತಿ! ಬಹ್ಲಾ ಊರಿಗೆಲ್ಲ ಸುಗಂಧದ ಮನೆ ಇದು — ಸೊಸೆ ಹೀಗೆ. ಮರುದಿನ ಅತ್ತೆ ಹಿತ್ತಲಲ್ಲಿ ಹೊಸ ಹಗ್ಗ ಕಟ್ಟಿದ್ದರು. ಬಚ್ಚಲಲ್ಲಿ ನಾಬ್ಲುಸಿನ ಬಿಳಿ ಸಾಬೂನು, ಬರೀ ಆಲಿವ್ ಎಣ್ಣೆಯದು. ನನ್ನ ಬಟ್ಟೆಗೇ ಒಂದು ಬಕೆಟ್. ಇವತ್ತಿನವರೆಗೂ ಅದರ ಬಗ್ಗೆ ಮಾತಿಲ್ಲ.

ಮಾತೆಲ್ಲ ಮಾವನದು. "ನೀರಿಗೆ ವಾಸನೆ ಇಲ್ಲ ಅಂತಾರಲ್ಲ, ನಮ್ಮನೆ ನೀರು ನಡೆದಾಡುತ್ತೆ ನೋಡಿ!" ಇವತ್ತೂ ಅಂದರು.

ಅಕ್ಟೋಬರ್ 16, ಭಾನುವಾರ

ಮಾವ ಹೋದರು. ಬುಧವಾರ.

ಯಾರದೋ ಮದುವೆಯ ಮಾತುಕತೆಗೆ ಹೋಗಿ ಬಂದರು. ನಿಲುವಂಗಿ ಕಳಚಿ ಮೊಳೆಗೆ ಹಾಕಿ, ಊಟಕ್ಕೆ ಕರಿ ಅಂದು ಮಲಗಿದರು. ಅತ್ತೆ ಕರೆದರು. ಏಳಲಿಲ್ಲ.

ಅತ್ತೆ ಇದ್ದತ್ ಕೂತಿದ್ದಾರೆ, ಗಂಡ ಹೋದವರ ಶೋಕದ ಕಾಲ. ನಾಲ್ಕು ತಿಂಗಳು ಹತ್ತು ದಿನ. ಒಡವೆ ಇಲ್ಲ, ಕಾಡಿಗೆ ಇಲ್ಲ. ಮೈಗಾಗಲಿ ಬಟ್ಟೆಗಾಗಲಿ ಸುಗಂಧ ಸೋಕಬಾರದು — ಅದೂ ಈ ಹೆಂಗಸಿಗೆ.

ಇವತ್ತು ಮೂರನೇ ದಿನ ದಾಟಿದರೂ ಜನ. ಪಕ್ಕದ ಮನೆಯ ಮೌಜಾ ಅತ್ತೆಯನ್ನು ತಬ್ಬಿ ಅತ್ತಳು. ಅಳು ನಿಂತ ಮೇಲೆ ಮೂಗು ಅರಳಿಸಿದಳು. "ಅಕ್ಕಾ, ಇದೇನು ಮಲ್ಲಿಗೆ? ಇದ್ದತ್ ಕೂತೋರ ಮೈ ಮೇಲೆ ಮಲ್ಲಿಗೇನಾ?" ಇಪ್ಪತ್ತು ಹೆಂಗಸರು ತಿರುಗಿದರು. ಆ ಶಾಲು ಒಗೆದವಳು ನಾನು. ಗಡಿಬಿಡಿಯಲ್ಲಿ ಮನೆಯ ಮಾಮೂಲಿ ಪೌಡರ್ ಹಾಕಿದ್ದೆ.

ಅತ್ತೆ ಎದ್ದರು. ಒಳಗೆ ಹೋಗಿ ಶಾಲು ಬದಲಾಯಿಸಿ ಬಂದು ಅದೇ ಜಾಗದಲ್ಲಿ ಕೂತರು. ನನ್ನ ಹೆಸರು ಎತ್ತಲಿಲ್ಲ. ಆಮೇಲೆ ಬಚ್ಚಲ ಹತ್ತಿರ ಸಿಕ್ಕಾಗ ಇಷ್ಟೇ: "ಇನ್ಮೇಲೆ ನಿನ್ನ ಸಾಬೂನೇ ನಂಗೂ ಹಾಕು, ಮಗಳೇ."

ಅಕ್ಟೋಬರ್ 22, ಶನಿವಾರ

ಬೆಳಗ್ಗೆಯಿಂದ ಒಗೆತ. ಇನ್ನು ಯಾರೂ ಮೂಗು ಅರಳಿಸಬಾರದು, ನೋಡೋಣ! ಅತ್ತರು ಕಲಸುವ ಎಣ್ಣೆಯ ಸೀಸೆಗಳೆಲ್ಲ ಪೆಟ್ಟಿಗೆಯಲ್ಲಿ ಮೌಜಾಳ ಮನೆಗೆ. ಪರದೆ, ಹಾಸಿಗೆ ಹೊದಿಕೆ, ಜಮಖಾನೆ, ದಿಂಬು. ಕಲಸಿದ ಅತ್ತರು ಉಳಿದಿದ್ದ ಬಟ್ಟಲನ್ನೂ ಚೆಲ್ಲಿ ತಿಕ್ಕಿದೆ. ಸಾಮಾನಿನ ಕೋಣೆಯ ಬಾಗಿಲ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಮಾವನ ಒಂದು ನಿಲುವಂಗಿ. ಉಳಿದವು ದಾನಕ್ಕೆ ಹೋಗಿದ್ದವು, ಇದು ಮರೆತಿರಬೇಕು. ಇಡೀ ಕೋಣೆ ಘಮ್ಮೆನ್ನುತ್ತಿತ್ತು. ಅದನ್ನೂ ಒಗೆದೆ. ಕುಚ್ಚು ಹಟ ಹಿಡಿಯಿತು. ಎರಡು ಸಲ ಉಜ್ಜಿದೆ. ಒಣಗಿಸಿ, ಇಸ್ತ್ರಿ ಮಾಡಿ, ಅದೇ ಕವರಿಗೆ.

ಈಗ ಮನೆಯಲ್ಲಿ ಯಾವ ವಾಸನೆಯೂ ಇಲ್ಲ. ಬಿಸಿಲಿನದು ಬಿಟ್ಟು. ಬರೆಯಬಾರದು, ಆದರೂ... ಆರು ವರ್ಷದಲ್ಲಿ ಮೊದಲ ಸಲ ಇದು ನನ್ನ ಮನೆ ಅನ್ನಿಸಿತು. ಖುಷಿಯಾಯಿತು. ಮಾವ ಹೋಗಿ ಹತ್ತು ದಿನ.

ನವೆಂಬರ್ 5, ಶನಿವಾರ. ಮಧ್ಯಾಹ್ನ

ಕಾಫಿ ಕೊಡಲು ಹೋದೆ. ಬಾಗಿಲ ಹತ್ತಿರವೇ ನಿಂತುಬಿಟ್ಟೆ.

ಮೌಜಾ ಕೇಳುತ್ತಿದ್ದಳು, ನೆನಪಿಗೆ ಏನಾದ್ರೂ ಇಟ್ಕೊಂಡಿದೀಯಾ ಅಕ್ಕಾ ಅಂತ. ಅತ್ತೆ ಹೇಳಿದರು: "ಅವತ್ತು ಕಳಚಿದ್ದು ಒಂದಿದೆ. ಕವರಲ್ಲಿ ಕಟ್ಟಿಟ್ಟಿದೀನಿ. ಕುಚ್ಚು ಇನ್ನೂ ಹಸಿ ಇತ್ತು."

"ತೆಗೆದು ಮೂಸ್ತೀಯಾ?"

"ಛೇ! ಇದ್ದತ್ ಮುಗೀಲಿ. ಸ್ನಾನ ಮಾಡಿ, ಒಳ್ಳೇ ಬಟ್ಟೆ ಉಟ್ಟು, ಆಮೇಲೆ. ನಾಲ್ಕು ತಿಂಗಳಿಗೆ ಓಡಿಹೋಗಲ್ಲ ಅದು."

ಕಾಫಿ ಹೇಗೆ ಕೊಟ್ಟೆನೋ ಗೊತ್ತಿಲ್ಲ.

ನವೆಂಬರ್ 6, ಭಾನುವಾರ

ಜಾಹಿರ್‌ಗೆ ಫೋನ್. ದುಕಮ್ ಬಂದರಿನಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಬರುವ ಗಂಡ, ಸಲಹೆಗೇನೂ ಬರವಿಲ್ಲ. "ಅಮ್ಮಂಗೆ ಹೇಳ್ಬೇಡ ಮಾರಾಯ್ತಿ. ನಿಜ್ವಾ ಪೇಟೆಯಿಂದ ಯಾವ್ದಾದ್ರೂ ಒಳ್ಳೇ ಅತ್ತರು ತಂದು ಹಚ್ಚಿಬಿಡು. ಯಾರಿಗೆ ಗೊತ್ತಾಗುತ್ತೆ?"

ಯಾರಿಗೆ ಗೊತ್ತಾಗುತ್ತೆ! ಪಕ್ಕದ ಮನೆಯ ಅನ್ನ ತಳ ಹಿಡಿಯುವ ಮೊದಲೇ ಕೂಗಿ ಹೇಳುವ ಹೆಂಗಸು.

ನವೆಂಬರ್ 24, ಗುರುವಾರ. ಸಂಜೆ 5

ಕೂಗು ಇಲ್ಲ. ಆದರೂ ಐದಕ್ಕೆ ಕಾಲು ತಾನೇ ಹಿತ್ತಲಿಗೆ ಹೋಯಿತು. ಬಟ್ಟೆ ತೆಗೆದುಕೊಂಡು ನಿಂತೆ. ಯಾವುದರಿಂದ ಕಾಪಾಡಲು?

ಪೇಟೆಯಿಂದ ಮೂರು ಸೀಸೆ ತಂದಿದ್ದೇನೆ. ಸ್ಕೂಲ್ ಲ್ಯಾಬಿನಲ್ಲಿ ತೆರೆದು ನೋಡಿದೆ. ಮೂರೂ ಮಾವನ ವಾಸನೆಯಲ್ಲ. ನನ್ನಂಥವಳಿಗೇ ಗೊತ್ತಾಯಿತು.

ಜನವರಿ 7, ಶನಿವಾರ

ಹೇಳಿದೆ.

ಇನ್ನು ತಡೆಯಲಾಗಲಿಲ್ಲ. ಬೆಳಗ್ಗೆ ಅತ್ತೆ ಬೆರಳು ಮಡಿಸಿ ಎಣಿಸುತ್ತಿದ್ದರು — ನಲವತ್ತೊಂದು ದಿನ. ಮುಖದಲ್ಲಿ ಹಬ್ಬ ಕಾಯುವ ಮಕ್ಕಳ ಗೆಲುವು. ಕಾಲ ಹತ್ತಿರ ಕೂತು ಎಲ್ಲ ಹೇಳಿದೆ. ಆ ದಿನ ಮನಸ್ಸಿಗೆ ಖುಷಿಯಾಗಿದ್ದನ್ನೂ ಬಿಡಲಿಲ್ಲ.

ಅತ್ತೆ ಮಡಿಸಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ಕುಚ್ಚನ್ನೂ ಉಜ್ಜಿದ್ಯಾ?"

"ಹೂಂ ಅತ್ತೆ. ಎರಡು ಸಲ."

"ಹೌದು. ನೀನು ಯಾವುದನ್ನೂ ಅರ್ಧಕ್ಕೆ ಬಿಡೋಳಲ್ಲ."

ಎದ್ದು ಹೋದರು. ಬಾಗಿಲು ಹಾಕಿಕೊಂಡರು. ಮೆತ್ತಗೆ. ದಡಾರನೆ ಹಾಕಿದ್ದರೆ ಚೆನ್ನಾಗಿತ್ತು.

ಜನವರಿ 9, ಸೋಮವಾರ

ಮಾತಿಲ್ಲ. ಮೂರು ದಿನ. ಆದರೆ ನನ್ನ ಕಾಫಿ ಎಂದಿನಂತೆ ಬೇರೆ ಕುದಿಸಿಟ್ಟಿದ್ದಾರೆ, ಪನ್ನೀರು ಹಾಕದೆ. ಸ್ಕೂಲಿನಿಂದ ಬಂದರೆ ನನ್ನ ಬಿಳಿ ಕೋಟು ಹಿತ್ತಲ ಹಗ್ಗದ ಮೇಲೆ. ಅವರೇ ಒಗೆದಿದ್ದರು, ನನ್ನ ಸಾಬೂನಿನಲ್ಲಿ. ಅಷ್ಟು ಸಿಟ್ಟಿನಲ್ಲೂ ಬಕೆಟ್ ಅದಲುಬದಲು ಮಾಡಲಿಲ್ಲ. ಕೋಟು ಹಿಡಿದುಕೊಂಡು ಅತ್ತುಬಿಟ್ಟೆ. ಇಂಥವರ ಮುಂದೆ ನಾನೆಷ್ಟು ಚಿಕ್ಕವಳು.

ಜನವರಿ 14, ಶನಿವಾರ. ಬೆಳಗ್ಗೆ

ಮೊನ್ನೆ ತಾವೇ ಮಾತೆತ್ತಿದರು. "ಅತ್ತರು ಕಲಸಿ ಒಂದು ತಿಂಗಳಾದ್ರೂ ಕೂರಬೇಕು. ಇದ್ದತ್ ಮುಗಿದ ದಿನಕ್ಕೆ ಕುಚ್ಚು ಒದ್ದೆ ಇರಬೇಕು. ಅಂದ್ರೆ ಈಗ್ಲೇ ಕಲಸಬೇಕು. ನಾನು ಮುಟ್ಟೋ ಹಾಗಿಲ್ಲ. ನೀನು ಕಲಸು."

"ನಾನಾ? ನಂಗೆ ತಲೆನೋವು—"

"ಬರಲಿ. ಎರಡು ಸಲ ಉಜ್ಜಿದ ಕೈ ತಾನೇ ಅದು?"

ಹಾಗೆ ಶುರು. ಮೌಜಾಳ ಮನೆಯಿಂದ ಪೆಟ್ಟಿಗೆ ತಂದೆ. ನಾನು ಅಂಗಳದ ಆ ತುದಿಯಲ್ಲಿ, ಲ್ಯಾಬಿನ ಡ್ರಾಪರ್ ಹಿಡಿದು. ಅತ್ತೆ ಒಳಗೆ, ಪರದೆಯ ಹಿಂದೆ. ಮೂಸಿದರೆ ತಪ್ಪಿಲ್ಲ ಅಂತ ಮೌಜಾ ಎಷ್ಟು ಹೇಳಿದರೂ ಕೇಳಲಿಲ್ಲ. "ಗಾಳಿ ಯಾವ ಕಡೆ?" ಅಂತ ಮೊದಲು ಕೇಳುತ್ತಾರೆ. ಬೆರಳು ಒದ್ದೆ ಮಾಡಿ ನೋಡಿ ಹೇಳಬೇಕು. ಮನೆ ಕಡೆ ತಿರುಗಿದರೆ ಪಾಠ ಬಂದ್.

ನಾನು ಮೂಸಿ ಹೇಳುವುದು, ಅವರು ಕೇಳಿ ತಿದ್ದುವುದು.

"ಅಗರು ಮೂರು ತೊಟ್ಟು ಹಾಕಿದೆ."

"ಏನನ್ನಿಸುತ್ತೆ?"

"ತಲೆನೋವು."

ಪರದೆಯ ಹಿಂದೆ ನಗು! ಮಾವ ಹೋದ ಮೇಲೆ ಮೊದಲ ಸಲ. "ಅದು ಬಿಟ್ಟು ಹೇಳೇ!"

"ಹಳೇ ಮರದ ಪೆಟ್ಟಿಗೆ ತೆರೆದ ಹಾಗೆ."

"ಸರಿ ಇದೆ. ಈಗ ಹಿಂದ್ ದೇಶದ ಗಂಧದೆಣ್ಣೆ. ನಿಧಾನ."

"ಈಗ... ಬಿಸಿ ಹಾಲಿನ ಕೆನೆ."

"ಜಾಸ್ತಿ ಬಿತ್ತು. ಎರಡು ತೊಟ್ಟು ಗುಲಾಬಿ ಹಾಕು. ಕೆನೆ ಹೋಗಿ ಹಾಲು ಉಳೀಬೇಕು."

ಹಾಕಿದೆ. ಕೆನೆ ಹೋಯಿತು, ಹಾಲು ಉಳಿಯಿತು. ಮೂವತ್ತು ಹೆಜ್ಜೆ ದೂರ ಕೂತು, ನನ್ನ ತೊದಲು ಮಾತಿನಿಂದಲೇ ಮೂಸುತ್ತಾರೆ ಈ ಹೆಂಗಸು. ಇಂಥ ವಿದ್ಯೆಯನ್ನು ಆರು ವರ್ಷ ಬಾಗಿಲು ಹಾಕಿಕೊಂಡು ಗಾಜಿನಿಂದ ನೋಡಿದೆನಲ್ಲ!

ಜನವರಿ 17, ಮಂಗಳವಾರ

ನಾಲ್ಕನೇ ಪಾಠ. ಕೇಸರಿ, ಕಡೆಗೆ ಒಂದು ಚೂರು ಅಂಬರ್. ಇದ್ದಕ್ಕಿದ್ದಂತೆ ಮಾವ ಹಿಂದೆ ನಿಂತ ಹಾಗಾಯಿತು. ಡ್ರಾಪರ್ ಕೆಳಗಿಟ್ಟೆ.

"ಅಸೀಲಾ? ಯಾಕೆ ಸುಮ್ಮನಾದೆ?"

ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಬಂದ್ರಾ?" ಅಂದರು ಅತ್ತೆ, ಪರದೆಯ ಆಚೆಯಿಂದ. "ಹಾಗಾದ್ರೆ ಸೀಸೆ ಮುಚ್ಚು. ಕತ್ತಲಲ್ಲಿ ಇಡು."

ತಲೆ ಸಿಡಿಯುತ್ತಿದೆ. ಇರಲಿ.

ಫೆಬ್ರವರಿ 18, ಶನಿವಾರ

ನಿನ್ನೆ ಇದ್ದತ್ ಮುಗಿಯಿತು. ಇವತ್ತು ಎಲಚಿ ಎಲೆಯ ನೀರಿನಲ್ಲಿ ಸ್ನಾನ. ಹಸಿರು ರೇಷ್ಮೆ. ಮೌಜಾ ಹಲ್ವಾ ತಂದಳು, ಜಾಹಿರ್ ಬಂದಿದ್ದಾನೆ.

ಬೆಳಗ್ಗೆಯೇ ಕುಚ್ಚನ್ನು ಅದ್ದಿಟ್ಟಿದ್ದೆ. ನಿಲುವಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅತ್ತೆ ಕುಚ್ಚನ್ನು ಮೂಗಿಗೆ ಹಿಡಿದರು. ಕಣ್ಣು ಮುಚ್ಚಿದರು.

"ಇದು ಅವರದ್ದಲ್ಲ," ಅಂದರು.

ಜಾಹಿರ್ ಬಾಯಿ ತೆರೆದ. ನಾನು ಅವನ ತೋಳು ಹಿಡಿದೆ.

"ಅತ್ತರು ಅವರದ್ದೇ. ಒಂದು ತೊಟ್ಟೂ ತಪ್ಪಿಲ್ಲ. ಆದ್ರೆ ಅಡೀಲಿ ಬಟ್ಟೆ ವಾಸನೆ ನಿಂದು. ನಿನ್ನ ಸಾಬೂನು, ಹಿತ್ತಲ ಬಿಸಿಲು..."

"ಸಾಬೂನಿಗೆ ವಾಸನೆ ಇಲ್ಲವಲ್ಲ ಅತ್ತೆ?"

"ನಿಂಗಿಲ್ಲ. ನಂಗೆ ಆರು ವರ್ಷದಿಂದ ಗೊತ್ತು ಅದು. ನೀನು ಪಕ್ಕದಲ್ಲಿ ಹಾದು ಹೋದ್ರೆ ಬರುತ್ತೆ."

ಇನ್ನೊಂದು ಸಲ ಬರೀ ನೀರಲ್ಲಿ ಜಾಲಿಸಿ ತರಲಾ ಅಂದೆ. ತಲೆ ಅಲ್ಲಾಡಿಸಿದರು. ನಿಲುವಂಗಿಯಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಇದ್ದರು. ಹೆಗಲು ಅಲುಗುತ್ತಿತ್ತು. ಕಡೆಗೆ ಒಳಗಿನಿಂದಲೇ ದನಿ ಬಂತು: "ಬೇಡ. ಇಬ್ಬರೂ ಇರಲಿ."

ಫೆಬ್ರವರಿ 23, ಗುರುವಾರ. ಸಂಜೆ 5

ಸ್ಕೂಲಿನಿಂದ ಈಗ ಬಂದೆ. ಪೇಪರ್ ತಿದ್ದಬೇಕು, ರಾಶಿ ಇದೆ. ಅಂಗಳದಲ್ಲಿ ಕಡ್ಡಿಯ ಗೂಡು ಹೊರಗೆ ಬಂದಿದೆ. ಕೆಂಡ ಊದುವ ಸದ್ದು. ನಾಳೆ ಜಾಹಿರ್ ಜುಮ್ಮಾಕ್ಕೆ ಅಪ್ಪನ ನಿಲುವಂಗಿ ತೊಡುತ್ತಾನೆ, ಹೊಗೆ ಹಾಕಬೇಕು ಅಂತ ಬೆಳಗ್ಗೆಯೇ ಹೇಳಿದ್ದರು.

ಬಂತು ಕೂಗು. "ಅಸೀಲಾ, ಹೊಗೆ ಹಾಕ್ತಾ ಇದೀನಿ, ನಿನ್ನ ಬಟ್ಟೆ ಒಳಗೆ ತಗೋ!"

ನಾಲ್ಕು ತಿಂಗಳು ಹತ್ತು ದಿನ ಕಾದದ್ದು ಇದಕ್ಕೆ. ಹಿತ್ತಲಲ್ಲಿ ನನ್ನ ನೀಲಿ ಉಡುಪು, ಬಿಳಿ ಕೋಟು. ಗಾಳಿ ಆ ಕಡೆಗೇ ಇದೆ.

"ಅಸೀಲಾ! ಕೇಳಿಸ್ತಾ? ಬಟ್ಟೆ!"

ಕೇಳಿಸಿತು ಅತ್ತೆ. ಏಳುತ್ತೇನೆ. ಕೋಟು ತೆಗೆಯುತ್ತೇನೆ, ರಜೆ ಮುಗಿದು ಭಾನುವಾರ ಸ್ಕೂಲಿಗೆ ಬೇಕು. ಆ ನೀಲಿ ಉಡುಪು ಮಾತ್ರ ಇವತ್ತು ಹಗ್ಗದ ಮೇಲೇ—