ಮೂರು ಟನ್ನಿನ ದುಂಡಕ್ಷರ

ಜೂನ್ 9, ಬೆಳಿಗ್ಗೆ

ಮತ್ತೆ ಕೆಟ್ಟ ಕನಸು. ಅಂಗಡಿಯ ಬೋರ್ಡಿನಿಂದ ಅಕ್ಷರಗಳೆಲ್ಲ ಕಳಚಿಕೊಂಡು ಬಿ.ಎಚ್. ರಸ್ತೆಯಲ್ಲಿ ಲಾರಿ ಟೈರಿನ ಹಾಗೆ ಉರುಳಿದವು. ನಮ್ಮ ಮನೆಯವರು ಬೆನ್ನು ತಿರುಗಿಸಿ ನಿಂತಿದ್ದರು. ಕೂಗಿದೆ, ದನಿ ಬರಲಿಲ್ಲ. ಎದ್ದವಳೇ ಪಕ್ಕದಲ್ಲಿ ಮಲಗಿದ್ದ ಇವರ ಕಾಲು ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ಎಲ್ಲ ಆ ಹೊಸ ಫಾಂಟಿನ ಕಾಟ. ನಮ್ಮ ಸ್ಟಿಕರ್ ಅಂಗಡಿ ಓನರ್ ವೀರೇಂದ್ರಣ್ಣ ಅದಕ್ಕೆ ಮರುಳಾಗಿದ್ದಾರೆ. ಕೈವಾರ, ಸ್ಕೇಲು ಎರಡೇ ಇಟ್ಟು ಎಳೆದ ಹಾಗಿದೆ. O ಅಂದರೆ ಬಳೆ. ಗೆರೆ ಎಲ್ಲ ಕಡೆ ಒಂದೇ ದಪ್ಪ, ಬಾಲವಿಲ್ಲ, ಕೊಕ್ಕೆಯಿಲ್ಲ. ಸೀರೆ ಅಂಗಡಿಗೆ, ಹಲ್ಲಿನ ಕ್ಲಿನಿಕ್ಕಿಗೆ, ಸೋಗಾನೆ ದಾರಿಯ ಲಾಡ್ಜಿಗೆ — ಚೆಂದವೇ. ಈಗ ಭದ್ರಾವತಿಯ ಕಬ್ಬಿಣ ಎರಕದ ಫೌಂಡ್ರಿ ಆರ್ಡರ್. ಕ್ರೇನ್ ಎಷ್ಟು ಭಾರ ಎತ್ತಬಹುದು ಅನ್ನುವ ಪ್ಲೇಟೂ ಇದೇ ಅಕ್ಷರದಲ್ಲಿ. ಇವರು ಕೆಲಸ ಮಾಡುವುದು ಆ ಕ್ರೇನಿನ ಕೆಳಗೇ.

ಜೂನ್ 10

ಮೂರು ಟನ್ನಿನ ಕ್ರೇನ್ ಪ್ಲೇಟಿಗೆ ದಪ್ಪದ 3 ಮಷೀನಿನಿಂದ ಕಟ್ ಆಗಿ ಬಂತು. ಎರಡು ಉಂಗುರ, ಎಡಕ್ಕೆ ಕೂದಲೆಳೆಯಷ್ಟು ಬಾಯಿ. ಸುತ್ತಲಿನ ಬೇಡದ ಸ್ಟಿಕರ್ ಹಾಳೆ ಪಿನ್ನಿನಿಂದ ಕಿತ್ತೆ. ಗೋಡೆಗೆ ಆನಿಸಿ, ರಸ್ತೆಯಾಚೆ ಹೋಗಿ ನೋಡಿದೆ.

“ಅಣ್ಣ, ದೂರದಿಂದ ಎಂಟು ಕಂಡಂಗೆ ಕಾಣ್ತದೆ.”

“ಮೊದ್ಲು ಕಣ್ ತೋರಿಸ್ಕೋ ಮಾರಾಯ್ತಿ. ಕಂಪನಿಯೋರೇ ಓಕೆ ಮಾಡಿದಾರೆ, ನಿಂದೇನು?”

ಏಳನೇ ಕ್ಲಾಸಿಗೆ ಬಿಟ್ಟವಳು. ಇನ್ನೊಂದು ಪ್ಲೇಟಿನ 3 ಕೂಡ ಹಾಗೇ ಕಟ್ ಮಾಡಿದೆ.

ಜೂನ್ 14

ಪ್ಲೇಟು ಹಾಕಿದರಂತೆ. ಮೂರೋ ಎಂಟೋ ಅಂತ ಇವರನ್ನು ಕೇಳಿದೆ.

“ಮೂರೇ ಕಣೇ. ಅದ್ರ ಕೆಳಗೇ ಮುದುಕ ಆಗ್ತಿದೀನಿ, ನಂಗೆ ಬೋರ್ಡ್ ಬೇಕಾ?”

ಇವರಿಗೆ ಬೇಡ. ಗುತ್ತಿಗೆ ಮೇಲೆ ಬರುವ ಹೊಸಬರಿಗೆ? ಅಲ್ಲಿ ಕರಿ ಧೂಳು ಬೇರೆ. 3ರ ಆ ಬಾಯಿ ಮುಚ್ಚಿಕೊಳ್ಳಲು ಎಷ್ಟು ಹೊತ್ತು...

ಜುಲೈ 2

ಹೆದರಿದ್ದೇ ಆಯಿತು. ಊಟಕ್ಕೆ ಕೂತು ಇವರು ನಗುತ್ತ ಹೇಳಿದರು. ಹೊಸದಾಗಿ ಬಂದ ಕ್ರೇನ್ ಆಪರೇಟರ್ ಲೋಹಿತ್ ಇವರಿಗೆ, “ಎಂಟು ಟನ್ ಎತ್ತುತ್ತಲ್ಲ ಬೀರಣ್ಣ, ಎರಡೂ ಅಚ್ಚು ಒಟ್ಟಿಗೇ ಕಟ್ಟಿ” ಅಂದನಂತೆ. ಒಂದೊಂದು ಅಚ್ಚೂ ಎರಡು ಟನ್; ಇವರೇ ಬೈದು ನಿಲ್ಲಿಸಿದರಂತೆ.

“ಕಣ್ಣಿಲ್ವೇನೋ ಅಂದೆ.”

ಅವನಿಗೆ ಕಣ್ಣಿದೆ.

ಜುಲೈ 3

ವೀರೇಂದ್ರಣ್ಣನಿಗೆ ಹೇಳಿದೆ. ಬೈಯಲಿಲ್ಲ. ಕಂಪ್ಯೂಟರಿನಲ್ಲಿ ಆ 3 ತೆಗೆದು, ದೂರ ನಿಂತು ನೋಡಿದರು. ಆಮೇಲೆ, “ಹಳೇ ಫಾಂಟಲ್ಲಿ ಕಟ್ ಮಾಡು. ಬಾಯಿ ಅಗಲ ಇರ್ಲಿ. ಪಕ್ಕದಲ್ಲಿ ಮೂರು ಅಂತ ಕನ್ನಡದಲ್ಲೂ ಹಾಕ್ಬಿಡು.”

ಸ್ಟಿಕರನ್ನು ಪೇಪರಿನಲ್ಲಿ ಸುತ್ತಿ, ನಾಳೆ ಒಯ್ಯಲೆಂದು ರಾತ್ರಿಯೇ ಇವರ ಬ್ಯಾಗಿಗೆ ಇಟ್ಟೆ.

ಜುಲೈ 4, ಮಧ್ಯಾಹ್ನ

ಊಟದ ಬಿಡುವಿನಲ್ಲಿ ಇವರ ಫೋನ್. ಸೂಪರ್‌ವೈಸರನ್ನು ಕೇಳಿ, ತಾವೇ ಏಣಿ ಹತ್ತಿ ಅಂಟಿಸಿದರಂತೆ. ಬಾಗಿಲ ಕಡೆಯಿಂದ ದೊಡ್ಡದಾಗಿ ಕಾಣುತ್ತದಂತೆ. ಎಷ್ಟೋ ದಿನದ ಮೇಲೆ ಟೀ ರುಚಿ ಹತ್ತಿತು.

ಅರ್ಧ ಕುಡಿದಿದ್ದೆ. ಬಾಗಿಲ ಕಡೆಯಿಂದ... ಕ್ರೇನಿನ ತೊಲೆಗೆ ಎರಡು ಮಗ್ಗುಲು, ಒಂದು ಬಾಗಿಲ ಕಡೆ, ಒಂದು ಕುಲುಮೆ ಕಡೆ. ಮೊದಲು ಕಳಿಸಿದ್ದು ಎರಡು ಪ್ಲೇಟು. ನಿನ್ನೆ ಕಟ್ ಮಾಡಿದ್ದು ಒಂದೇ. ಕುಲುಮೆ ಕಡೆ ನಿಂತವನಿಗೆ ಇನ್ನೂ ಎಂಟೇ. ಇವರ ಫೋನ್ ಆಫ್ — ಕೆಲಸದ ಹೊತ್ತು ಲಾಕರಿನಲ್ಲಿ ಇಡಬೇಕು. ಫೌಂಡ್ರಿ ಗೇಟಿಗೆ ಫೋನ್ ಹಚ್ಚಿದ್ದೇನೆ, ರಿಂಗ್ ಆಗುತ್ತಿದೆ. ಎತ್ತಿದರೆ ಏನು ಹೇಳಲಿ... ಕುಲುಮೆ ಕಡೆಯದು ಮೂರೋ ಎಂಟೋ, ಇನ್ನೊಂದು ಸಲ ನೋಡಿ ಸ್ವಾಮಿ, ಅದರ ಕೆಳಗೆ ನಮ್ಮ ಮನೆಯವರು...